ಪೀಠದ ಮುಂದೆ ಬಿಟ್ಟ ಕುಂಬಳಕಾಯಿ

ಚಾಮರಾಜಪೇಟೆಯಲ್ಲಿ ನಮ್ಮ ಮಹಡಿ ಮನೆಯಲ್ಲಿದ್ದ ಅಂಕಲ್ ಚರ್ಚಿನಲ್ಲಿ ಪ್ರತಿ ಭಾನುವಾರ ಸತ್ಯವೇದ ಓದುವವರು. ಏನು ಕೇಳಿದರೂ ಕನ್ನಡಕ ಹಣೆಗೇರಿಸಿ, "ಇನ್ನೊಂದ್ಸಲ ಓದ್ಬೇಕಮ್ಮ" ಎನ್ನುತ್ತಿದ್ದರು.

ಹೋದ ವರ್ಷ ಸುಗ್ಗಿಹಬ್ಬದ ಕಾಣಿಕೆಗೆಂದು ಕಲಾಸಿಪಾಳ್ಯದಿಂದ ತಂದ ಕುಂಬಳಕಾಯಿ ಹೊತ್ತು ಚರ್ಚಿಗೆ ಹೋದವರು, ಸಂಜೆ ಬಂದು ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು.

"ಅಣ್ಣತಮ್ಮಂದಿರ ಜೊತೆ ಮನಸ್ತಾಪ ಇದ್ರೆ ಕಾಣಿಕೆ ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿಯಾಗು ಅಂತಿದೆ. ಎಷ್ಟು ವರ್ಷದಿಂದ ಜನಕ್ಕೆ ಓದಿ ಹೇಳ್ತಿದೀನಿ! ಇವತ್ತು ಓದ್ತಾ ಓದ್ತಾ, ನಾನು ಕ್ರಿಶ್ಚಿಯನ್ನಾ, ಬರೀ ಓದೋನಾ ಅನ್ನಿಸ್ತು. ಕಾಯಿ ಪೀಠದ ಮುಂದೆ ಬಿಟ್ಟು, ಮತ್ತಿಕೆರೆಗೆ, ಮಾತು ಬಿಟ್ಟಿದ್ದ ಅಣ್ಣನ ಮನೆಗೆ ಹೋದೆ."

"ಏನಂದ್ರು ಅವ್ರು?"

"ಬಾಗಿಲೇ ತೆಗೀಲಿಲ್ಲ."

ನಾನು ಕೊಟ್ಟ ಕಾಫಿ ಕುಡಿದು, ಊದಿದ ಕಾಲು ನೀವಿಕೊಂಡರು. ಕನ್ನಡಕ ಜೇಬಿನಲ್ಲೇ ಇತ್ತು.

"ಇನ್ನೊಂದ್ಸಲ ಹೋಗ್ಬೇಕಮ್ಮ" ಎಂದರು.