ಮೊದಲು ಫೋನ್ ಮಾಡಿದವರು ಯಾರು

ಕಳೆದ ದೀಪಾವಳಿ ಮುಗಿದ ಸೋಮವಾರ ಆದವಾನಿಯ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನ ಕಚೇರಿಯಲ್ಲಿ ಎಂಟು ಫೋನುಗಳ ಡಿಜಿಟಲ್ ಇಂಟರ್‌ಕಾಮ್ ಬಂದು ಕೂತಿತು. ಪತ್ರಿಕೆಗೆ ಹತ್ತಿಯ ದರ ಬರೆಯುವ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಕರ್ನೂಲಿನಿಂದ ಬಂದಿದ್ದ ಮೆಕ್ಯಾನಿಕ್ ಗೋಡೆಯ ಪೆಟ್ಟಿಗೆ ತಟ್ಟಿ ಹೇಳಿದ: "ಈಗ ಎಂಟು ಸಾರ್. ವ್ಯಾಪಾರ ಬೆಳೆದಂಗ ಒಂದೊಂದು ಕಾರ್ಡು ಹಾಕಿದ್ರ ಇದೂ ಬೆಳೀತೈತಿ. ಏಮೀ ಭಯಂ ಲೇದು."

ಏನೂ ಭಯವಿಲ್ಲ ಎಂದು ಅವನು ತೆಲುಗಿನಲ್ಲಿ ಅಂದರೂ, ಭಯವಾದದ್ದು ನನಗೆ. ಅಲ್ಲಿದ್ದದ್ದು ಒಂದೇ ಹಜಾರ. ಎಲ್ಲರೂ ಕೂಗಿ ಮಾತಾಡುವವರು. ಬಾಗಿಲಲ್ಲಿ ನಿಂತರೆ ನನ್ನ ಅರ್ಧ ಸುದ್ದಿ ತಾನಾಗಿ ಬರುತ್ತಿತ್ತು. ಇನ್ನು ಫೋನಿನಲ್ಲಿ ಪಿಸುಗುಟ್ಟಿದರೆ ಅದೂ ಹೋಯಿತು. ಹಳೆಯ ವ್ಯಾಪಾರಿಗಳ ರೀತಿಯೇ ವಿಚಿತ್ರ. ದರ ಕುದುರಿಸುವಾಗ ಟವೆಲಿನಡಿ ಬೆರಳು ಹಿಡಿದು, ಪಕ್ಕದವನಿಗೂ ಗೊತ್ತಾಗದಂತೆ ಮುಗಿಸುತ್ತಿದ್ದರು. ಮನೆಯ ಜಗಳ ಮಾತ್ರ ಬಜಾರಿನ ತನಕ ಕೇಳಿಸುತ್ತಿತ್ತು.

ಇಲ್ಲಿನ ಜಗಳ ಮಾಲೀಕರಾದ ಗುರುಬಸಪ್ಪ ಮತ್ತು ಅವರ ತಮ್ಮ ಶರಣಪ್ಪನವರದು. ಹತ್ತಿಯ ಬೇಲು ಒತ್ತುವ ಹಳೆಯ ಪ್ರೆಸ್ ಮಾರಬೇಕೋ ಬೇಡವೋ ಎಂಬಲ್ಲಿ ಶುರುವಾಗಿ, ಮಾತೇ ನಿಂತುಹೋಗಿತ್ತು. ವ್ಯವಹಾರ ನಿಲ್ಲಬಾರದಲ್ಲ? ಎದುರುಬದುರು ಕೂತೇ ಕಚೇರಿ ಕೆಲಸದ ಸುಂಕಮ್ಮನ ಮೂಲಕ ಮಾತಾಡುತ್ತಿದ್ದರು.

"ಸುಂಕಮ್ಮಾ, ಆಸ್ಪರಿ ಊರಿಂದ ಲಾರಿ ಬಂದೈತಿ ಅಂತ ಅವನಿಗೆ ಹೇಳು."

"ಸುಂಕಮ್ಮಾ, ನನಗೂ ಕಿವಿ ಅದಾವ ಅಂತ ಅಣ್ಣಗ ಹೇಳವ್ವ."

ಫೋನಿನ ಜೊತೆಗೆ ಇಬ್ಬರಿಗೂ ಗಾಜಿನ ಕೋಣೆ ಬಂತು. ಇನ್ನು ಕೂಗಿದರೆ ಕೇಳಿಸದು. ಗುಂಡಿ ಒತ್ತಿದರೆ ಸಾಕು, ಆದರೆ ಮೊದಲು ಒತ್ತಿದವನು ಸೋತಂತೆ. ಹೀಗಾಗಿ ಇಬ್ಬರೂ ಈಗ ಆಪರೇಟರ್ ಕುರ್ಚಿಗೆ ಬಂದಿದ್ದ ಸುಂಕಮ್ಮನಿಗೇ ಫೋನ್ ಮಾಡಿ, ಗಾಜಿನಾಚೆ ಒಬ್ಬರನ್ನೊಬ್ಬರು ನೋಡುತ್ತ ಕೂರುತ್ತಿದ್ದರು. ಬೆಳೆಯುವ ಕಚೇರಿಗೆಂದು ತಂದ ಯಂತ್ರದಿಂದ ಮೊದಲು ಬೆಳೆದದ್ದು ಸುಂಕಮ್ಮನ ಕೆಲಸ.

ಅಷ್ಟರಲ್ಲಿ ಶರಣಪ್ಪನವರ ಮಗಳಿಗೆ ಬಳ್ಳಾರಿಯ ಸಂಬಂಧ ಕೂಡಿಬಂತು. ಶುಕ್ರವಾರ ನಿಶ್ಚಿತಾರ್ಥ. ಮನೆಯ ಹಿರಿಯರಾದ ಗುರುಬಸಪ್ಪನವರೇ ಕೂತು ತಾಂಬೂಲ ಹಿಡಿಯದಿದ್ದರೆ ಎದ್ದು ಹೋಗುತ್ತೇವೆಂದು ಗಂಡಿನವರು ಹೇಳಿಕಳಿಸಿದ್ದರು. ತಮ್ಮ ಕರೆದಿರಲಿಲ್ಲ, ಕರೆಯದೆ ಅಣ್ಣ ಹೋಗುವಂತಿರಲಿಲ್ಲ.

ಗುರುವಾರ ನಾನು ದರ ಕೇಳಲು ಹೋದಾಗ ಸುಂಕಮ್ಮ ತುಟಿಯ ಮೇಲೆ ಬೆರಳಿಟ್ಟಳು. ಎರಡೂ ಕೋಣೆಗೆ ರಿಂಗ್ ಕೊಟ್ಟು, ಇಬ್ಬರೂ ಎತ್ತಿದ ಮೇಲೆ ಲೈನು ಕೂಡಿಸಿ ತಾನು ಸುಮ್ಮನಾದಳು. ಯಾರು ಮಾಡಿದ್ದೆಂದು ಆ ಫೋನುಗಳಲ್ಲಿ ಕಾಣುತ್ತಿರಲಿಲ್ಲ. ಕಾಣುವಂಥದ್ದು ದುಬಾರಿಯೆಂದು ಬೇಡ ಅಂದವರು ಅಣ್ಣನೇ. ಅವಳ ಮೇಜಿನ ಸ್ಪೀಕರ್ ಹಚ್ಚಿಯೇ ಇತ್ತು. ಕೇಳಿಸಿಕೊಂಡೆ, ಸುದ್ದಿಗಾರನಿಗೆ ಅದು ಕದ್ದು ಕೇಳಿದಂತಲ್ಲ.

"ಹೂಂ. ಏನು?" ಎಂದರು ಗುರುಬಸಪ್ಪ.

"ನೀವೇ ಹೇಳ್ರಿ," ಎಂದರು ಶರಣಪ್ಪ.

ಗುರುಬಸಪ್ಪ ಕುರ್ಚಿ ತಿರುಗಿಸಿ ಗಾಜಿಗೆ ಬೆನ್ನು ಮಾಡಿದರು.

"ಫೋನ್ ಮಾಡಿ ಹಿಂಗ ಸುಮ್ಮನ ಕುಂತ್ರ ಹೆಂಗೋ? ನಾಳೆ ಎಷ್ಟೊತ್ತಿಗೆ ಬರಬೇಕು, ಅದನ್ನರ ಹೇಳು."

"ಹತ್ತಕ್ಕ ಬರ್ರಿ ಅಣ್ಣಾ. ನೀವೇ ಫೋನ್ ಮಾಡಿ ಕೇಳಿದ್ರಿ, ಚಲೋ ಆತು."

"ನಾ ಎಲ್ಲಿ ಮಾಡೀನಿ?"

ಸುಂಕಮ್ಮ ಲೈನು ಕತ್ತರಿಸಿದಳು.

ಶುಕ್ರವಾರ ಗುರುಬಸಪ್ಪನವರು ಮುಂದೆ ಕೂತು ತಾಂಬೂಲ ಹಿಡಿದರು. ಊಟಕ್ಕೆ ಕೂತಾಗ, ಮಾತು ಮತ್ತೆ ಕೂಡಿದ್ದು ಹೇಗೆಂದು ಬೀಗರು ವಿಚಾರಿಸಿದರು.

"ಅವನೇ ಫೋನ್ ಮಾಡಿದ್ದ," ಎಂದರು ಅಣ್ಣ.

"ಇಲ್ಲರಿ, ಅಣ್ಣಾರೇ ಮಾಡಿದ್ರು," ಎಂದರು ತಮ್ಮ.

ಅದೇ ಪಂಕ್ತಿಯಲ್ಲಿದ್ದ ಸುಂಕಮ್ಮ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.