ಅತ್ತೆಯ ಮೂವತ್ತೇಳು

ಒದ್ದೆ ನೆಲದಲ್ಲಿ ಸೀಮೆಸುಣ್ಣದ ವಾಸನೆ ಬಂದರೆ ನನಗೆ ಚಾಮರಾಜಪೇಟೆಯ ನಮ್ಮ ಕೆಂಪು ನೆಲದ ಅಡುಗೆಮನೆ ನೆನಪಾಗುತ್ತದೆ. ಆ ಮನೆ ಈಗಿಲ್ಲ. ಅಂಥ ನೆಲದ ಮೇಲೆ ಬೆಳೆದವರಿಗೆ ಅದರ ತಂಪು ಗೊತ್ತಿರುತ್ತದೆ. ಬೇಸಿಗೆಯ ಮಧ್ಯಾಹ್ನ ಕೆನ್ನೆಯೊತ್ತಿ ಮಲಗಿದರೆ ಏಳಲು ಮನಸ್ಸಾಗುತ್ತಿರಲಿಲ್ಲ. ನನ್ನ ಸೋದರತ್ತೆ ನಾಗರತ್ನ ಆ ನೆಲವನ್ನೇ ಕಪ್ಪುಹಲಗೆ ಮಾಡಿಕೊಂಡಿದ್ದಳು. ಅವಳು ಅಪ್ಪನ ಅಕ್ಕ, ಮದುವೆಯಾಗಿರಲಿಲ್ಲ, ಬಸವನಗುಡಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಸಂಜೆ ಹುರುಳಿಕಾಯಿಯ ನಾರು ತೆಗೆಯುತ್ತಾ ನೆಲದ ಮೇಲೆ ಲೆಕ್ಕ ಬರೆಯುವಳು. ಅಮ್ಮ ತಟ್ಟೆ ಹಾಕುವ ಹೊತ್ತಿಗೆ ಒದ್ದೆ ಬಟ್ಟೆಯಿಂದ ಒರೆಸಿಬಿಡುವಳು.

ಎಲ್ಲ ಸಂಖ್ಯೆಗಳಿಗಿಂತ ಮೂವತ್ತೇಳರ ಮೇಲೆ ಅವಳಿಗೆ ಪ್ರೀತಿ ಜಾಸ್ತಿ. ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದರಿಂದಲೂ ಭಾಗವಾಗದ, ನೋಡಲು ಒರಟಾದ ಸಂಖ್ಯೆ. ಆದರೆ ಮೂರರಿಂದ ಗುಣಿಸಿದರೆ 111, ಆರರಿಂದ ಗುಣಿಸಿದರೆ 222. ಒಂದು ಸಂಜೆ 148 ಎಂದು ಬರೆದು, “ಮೂವತ್ತೇಳು ನಾಕ್ಲಿ ಇದು. ಈಗ ಮೊದಲ್ನೇ ಅಂಕಿ ಎತ್ತಿ ಕೊನೇಗಿಡು,” ಎಂದಳು. 481 ಆಯಿತು. ಭಾಗಿಸಿದೆ, ಮೂವತ್ತೇಳು ಹದಿಮೂರು ಸಲ ಹೋಯಿತು, ಶೇಷವಿಲ್ಲ. ಮತ್ತೊಮ್ಮೆ ಹಾಗೇ ಮಾಡಿದರೆ 814. ಅದೂ ಇಪ್ಪತ್ತೆರಡು ಸಲ ಸರಿಯಾಗಿ ಹೋಯಿತು.

“ಯಾಕತ್ತೆ ಹೀಗೆ?”

“999ನ್ನೂ ಮೂವತ್ತೇಳು ಭಾಗಿಸತ್ತೆ. ಅಲ್ಲಿಂದ ಯೋಚ್ನೆ ಮಾಡು. ಎಲ್ಲಾ ನಾನೇ ಹೇಳ್ಬಿಟ್ರೆ ನಿಂಗೇನು ಉಳಿಯತ್ತೆ?”

ನನಗದು ಹೊಳೆಯಲು ವರ್ಷಗಳೇ ಬೇಕಾದವು. ಮೊದಲ ಅಂಕಿಯನ್ನು ಕೊನೆಗಿಡುವುದೆಂದರೆ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಆ ಅಂಕಿಯಷ್ಟು ಸಲ 999ನ್ನು ಕಳೆಯುವುದು. ಮೂವತ್ತೇಳು ಆ ಎರಡು ಸಂಖ್ಯೆಗಳನ್ನೂ ಭಾಗಿಸುತ್ತದೆ, ಕಳೆದು ಉಳಿದದ್ದನ್ನೂ ಭಾಗಿಸಲೇಬೇಕು.

ನಾನು ಪಿಯುಸಿಯಲ್ಲಿದ್ದಾಗ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋದವು. ಕರೆದರೆ ಸುಮ್ಮನೆ ನೋಡುವಳು. ಅವಳನ್ನು ಎತ್ತಿ ಕೂರಿಸಿ ಅಮ್ಮನ ಸೊಂಟ ಹಿಡಿದುಕೊಂಡಿತು. ಅಪ್ಪ ಕೆಂಗೇರಿಯಾಚೆ ರೋಗಿಗಳನ್ನು ಇಟ್ಟುಕೊಳ್ಳುವ ಒಂದು ಜಾಗ ನೋಡಿಬಂದ. ಅತ್ತೆಯ ಮಂಚದ ಪಕ್ಕದಲ್ಲೇ ಕೂತು ಅಮ್ಮನಿಗೆ ಹೇಳಿದ: “ಸೋಮವಾರ ಬಿಟ್ಬರೋಣ. ಎಲ್ಲಿದ್ರೇನು, ಅವಳಿಗೇನು ತಿಳಿಯತ್ತೆ?”

ನನಗೆ ತಡೆಯಲಾಗಲಿಲ್ಲ. ನನ್ನ ಹಳೆಯ ಸ್ಲೇಟು ಹುಡುಕಿ ತಂದು, 185 ಎಂದು ಬರೆದು ಅತ್ತೆಯ ತೊಡೆಯ ಮೇಲಿಟ್ಟೆ. ಎಡಗೈಗೆ ಬಳಪ ಕೊಟ್ಟೆ. ಸೊಟ್ಟಸೊಟ್ಟಗೆ 851 ಮೂಡಿತು, ಅದರ ಕೆಳಗೆ 518.

“ಹಳೇ ಅಭ್ಯಾಸ ಪುಟ್ಟಿ, ಕೈ ತಾನಾಗೇ ಬರಿಯತ್ತೆ,” ಎಂದ ಅಪ್ಪ. ಆದರೂ ಸ್ಲೇಟು ಒರೆಸಿ, ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ತಾನೇ ಬರೆದ: 260. ಅತ್ತೆ ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ 259 ಎಂದು ಬರೆದು, ತಲೆಯೆತ್ತಿ ತಮ್ಮನ ಮುಖ ನೋಡಿದಳು. 259 ಅಂದರೆ ಮೂವತ್ತೇಳು ಏಳ್ಲಿ.

“ಅಕ್ಕಾ,” ಎಂದ ಅಪ್ಪ. “ನಾವಾಡಿದ್ದೆಲ್ಲಾ ಕೇಳಿಸ್ತಿತ್ತಾ ನಿಂಗೆ?”

ಅತ್ತೆ ಹೌದೆಂದು ತಲೆಯಾಡಿಸಿದಳು. ಅಪ್ಪ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನೀರಿನ ಸದ್ದಿನೊಳಗೂ ಅವನು ಅಳುವುದು ನಮಗೆ ಕೇಳಿಸಿತು. ಮುಖ ಒರೆಸಿಕೊಂಡು ಬಂದು, “ಇಲ್ಲೇ ಇರ್ತೀಯಾ?” ಎಂದು ಅವಳನ್ನೇ ಕೇಳಿದ.

ಸೋಮವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ಹಗಲು ಅಮ್ಮನ ಜೊತೆಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ಅತ್ತೆ ಇನ್ನೂ ಕೆಲವು ವರ್ಷ ಬದುಕಿದ್ದಳು, ಮಾತು ಮರಳಲಿಲ್ಲ. ಅಪ್ಪ ಆಫೀಸಿಗೆ ಹೊರಡುವ ಮೊದಲು ಕಿಟಕಿ ತೆಗೀಲಾ, ರೇಡಿಯೊ ಹಾಕ್ಲಾ ಎಂದು ಏನಾದರೂ ಕೇಳಿ, ಅವಳು ತಲೆಯಾಡಿಸುವವರೆಗೆ ಕಾಯುತ್ತಿದ್ದ. ಅವಳು ತೀರಿಕೊಂಡ ಮೇಲೂ ಬಹಳ ದಿನ, ಚಪ್ಪಲಿ ಮೆಟ್ಟುವ ಮುಂಚೆ, ಆ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ.