ಹಳೇ ಪೆಟ್ಟಿಗೆಗೆ ಹೊಸ ಎಳೆ ಕೆಚ್ಚುವ ಚೌಡೇಶ್ವರಿ

ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಮಗ್ಗಗಳ ಸದ್ದು ಆಗಲೇ ಎದ್ದಿದೆ. ನೇಕಾರರ ಸಂಘದ ಕಚೇರಿಯ ಹಿಂದೆ, ಮೊದಲು ನೂಲಿನ ಮೂಟೆ ಇಡುತ್ತಿದ್ದ ಕೋಣೆಯಲ್ಲಿ ಮೂವತ್ನಾಲ್ಕರ ಚೌಡೇಶ್ವರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಒಂದು ಸಾಲು ತಿದ್ದುತ್ತಾರೆ, ತಪ್ಪಿದೆಯೇ ಎಂದು ಪರೀಕ್ಷಿಸುತ್ತಾರೆ, ಆಮೇಲಷ್ಟೇ ಅದನ್ನು ಸರ್ವರ್‌ಗೆ ಒಪ್ಪಿಸುತ್ತಾರೆ. ಆ ಹೊತ್ತಿಗೆ ಸಂಘದ ವೆಬ್‌ಸೈಟಿನಲ್ಲಿ ನಲವತ್ತಾರು ಜನ ಸೀರೆ ನೋಡುತ್ತಿದ್ದಾರೆ. ಅವರಲ್ಲಿ ಒಬ್ಬರಿಗೂ ಏನೂ ಗೊತ್ತಾಗುವುದಿಲ್ಲ.

ಸಂಘದ ಕಡತದಲ್ಲಿ ಇವರು 'ಡೇಟಾ ಎಂಟ್ರಿ ಸಹಾಯಕಿ'. ಒಂಬತ್ತು ವರ್ಷದಿಂದ ಅದೇ ಹುದ್ದೆ. ಇಡೀ ವೆಬ್‌ಸೈಟ್ ನಿಂತಿರುವುದು ಇವರ ಕೈಮೇಲೆ ಎಂದು ಆ ಕಡತಕ್ಕೆ ಹೇಳುವವರು ಯಾರೂ ಇಲ್ಲ.

ಕೋಣೆಯ ಮೂಲೆಯಲ್ಲೊಂದು ಹಳೇ ಕಂಪ್ಯೂಟರ್ ಇದೆ. ಎಲ್ಲರೂ ಅದನ್ನು ಪೆಟ್ಟಿಗೆ ಎನ್ನುತ್ತಾರೆ. ಅದರೊಳಗೆ ನಾನೂರ ಹನ್ನೆರಡು ನೇಕಾರರ ಹೆಸರುಗಳಿವೆ; ಪ್ರತಿ ಸೀರೆಯ ಚಿತ್ರದ ಕೆಳಗೆ ನೇಯ್ದವರ ಹೆಸರು ಕಾಣುವುದು ಅದರಿಂದಲೇ. ಈಗಿನ ಮೊಬೈಲುಗಳು ಸರ್ವರ್ ಜೊತೆ ಮಾತಾಡುವ ರೀತಿ ಬದಲಾಗಿದೆ. ಎಚ್‌ಟಿಟಿಪಿ-3 ಎಂಬ ಹೊಸ ಪದ್ಧತಿಯಲ್ಲಿ, ಸಿಗ್ನಲ್ ತಡವರಿಸಿದರೂ ಚಿತ್ರಗಳು ಸರಾಗವಾಗಿ ಬರುತ್ತವೆ. ಪೆಟ್ಟಿಗೆಗೆ ಹಳೇ ಪದ್ಧತಿ ಬಿಟ್ಟು ಬೇರೆ ಬಾರದು. ಬೆಂಗಳೂರಿನಿಂದ ಬಂದ ಸಲಹಾ ಕಂಪನಿಯೊಂದು ನೋಡಿದ್ದೇ ತಡ, ಪೆಟ್ಟಿಗೆ ಬಿಸಾಡಿ ಎಂದಿತು. ಅವರು ಕೊಡುವ ಹೊಸ ವ್ಯವಸ್ಥೆಯಲ್ಲಿ ಸಂಘದ ಮುದ್ರೆ ಇರುತ್ತದೆ, ನೇಕಾರರ ಹೆಸರಿಗೆ ಜಾಗವಿಲ್ಲ. ಅದು 'ಅನವಶ್ಯಕ ಮಾಹಿತಿ'ಯಂತೆ! ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯರಿವರು.

ಚೌಡೇಶ್ವರಿಯ ತಾಯಿ ಅಮ್ಮಯಮ್ಮ ನಲವತ್ತು ವರ್ಷ ಅಚ್ಚು ಕೆಚ್ಚಿದವರು. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಹಾಸಿದ ನೂಲು, ಮುಗಿದಾಗ ಹಳೇ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸುವ ಕೆಲಸ ಅದು. ಒಂದು ಹಾಸಿನಲ್ಲಿ ಐದು ಸಾವಿರ ಎಳೆ.

"ಹಾಸು ಹೊಸದು ಅಂತ ಮಗ್ಗ ಯಾರಾದ್ರೂ ಗುಜರಿಗೆ ಹಾಕ್ತಾರಾ ಸಾರ್? ಕೆಚ್ತಾರೆ," ಎನ್ನುತ್ತಾರೆ ಚೌಡೇಶ್ವರಿ. "ನಾನೂ ಅದನ್ನೇ ಮಾಡ್ದೆ. ಅಮ್ಮ ಕೆಚ್ಚೋವಾಗ ಮಗ್ಗನಾದ್ರೂ ನಿಲ್ಸೋರು. ನಂಗೆ ಆ ಭಾಗ್ಯಾನೂ ಇಲ್ಲ, ಓಡೋ ಮಗ್ಗಕ್ಕೇ ಕೆಚ್ಬೇಕು."

ಅವರು ಮಾಡಿದ್ದು ಇಷ್ಟು: ಪೆಟ್ಟಿಗೆಯ ಮುಂದೆ ರಿವರ್ಸ್ ಪ್ರಾಕ್ಸಿ ಎಂಬ ಇನ್ನೊಂದು ಸರ್ವರ್ ನಿಲ್ಲಿಸಿದರು. ಬಂದವರ ಜೊತೆ ಅದು ಹೊಸ ಪದ್ಧತಿಯಲ್ಲಿ ಮಾತಾಡುತ್ತದೆ, ಹಿಂದೆ ತಿರುಗಿ ಪೆಟ್ಟಿಗೆಯ ಜೊತೆ ಹಳೇ ಪದ್ಧತಿಯಲ್ಲಿ. ಇದನ್ನು ಯಾರೂ ಕಲಿಸಲಿಲ್ಲ. ಬೆಳಗಿನ ಜಾವ ಎದ್ದು ಓದಿ, ಕೆಡಿಸಿ, ಸರಿಮಾಡಿ ಕಲಿತದ್ದು.

ಎಲ್ಲ ಸಿದ್ಧವಾದ ಮೇಲೂ ಹೊಸ ದಾರಿಯಲ್ಲಿ ಒಬ್ಬರೂ ಬರಲಿಲ್ಲ. ಆರು ವಾರ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಎಚ್‌ಟಿಟಿಪಿ-3 ಬರುವ ದಾರಿಯೇ ಬೇರೆ, ಅದನ್ನು ಕಾವಲಿನ ಫೈರ್‌ವಾಲ್ ಮುಚ್ಚಿತ್ತು. ಅದರ ಪಾಸ್‌ವರ್ಡ್ ಇದ್ದದ್ದು ಆ ಸಲಹಾ ಕಂಪನಿಯ ಕೈಯಲ್ಲಿ. ಚೌಡೇಶ್ವರಿ ಏಳು ಪತ್ರ ಬರೆದರು. ಒಂದಕ್ಕೆ ಮಾತ್ರ ಉತ್ತರ ಬಂತು: 'ಇದು ತಮ್ಮ ಹುದ್ದೆಗೆ ಸಂಬಂಧಿಸಿದ್ದಲ್ಲ.'

ಕೊನೆಗೆ ಹಿರಿಯ ನೇಕಾರ ಬಚ್ಚಪ್ಪ ಬೆಂಗಳೂರಿಗೆ ಬಸ್ಸು ಹತ್ತಿ ಹೋಗಿ ಕಂಪನಿಯ ಕಚೇರಿಯಲ್ಲಿ ಕೂತರು. "ಊಟದ ಡಬ್ಬಿ ತಗೊಂಡೇ ಹೋಗಿದ್ದೆ. ಬಾಗ್ಲು ತೆಗ್ಯೋಗಂಟ ಏಳಾಕಿಲ್ಲ ಅಂದೆ. ನಾಲ್ಕು ಗಂಟೆಗೆ ತೆಗುದ್ರು," ಎಂದು ಈಗ ನಗುತ್ತಾರೆ. ದಾರಿ ತೆರೆಯಲು ಹಿಡಿದದ್ದು ಎರಡು ನಿಮಿಷ.

ಇಂದು ಪುಟ ತೋರಿಸೆಂದು ಸರ್ವರ್‌ಗೆ ದಿನಕ್ಕೆ ಹನ್ನೊಂದು ಸಾವಿರ ಕೋರಿಕೆಗಳು ಬರುತ್ತವೆ, ಅರ್ಧಕ್ಕಿಂತ ಹೆಚ್ಚು ಹೊಸ ದಾರಿಯಲ್ಲೇ. ಕಳೆದ ತಿಂಗಳು ಇದಕ್ಕೊಂದು ಸಮಾರಂಭವೂ ಆಯಿತು. ಶಾಲು, ಹಾರ, ಫಲಕ ಎಲ್ಲ ಕಂಪನಿಯವರಿಗೆ. ಚೌಡೇಶ್ವರಿಗೆ ಸಿಕ್ಕಿದ್ದು ಪ್ರೊಜೆಕ್ಟರಿನ ಸಡಿಲ ವೈರು ಹಿಡಿದು ನಿಲ್ಲುವ ಕೆಲಸ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವುದನ್ನು ಕೇಳಿದ್ದೆವು. ಇಲ್ಲಿ ಹುತ್ತ ಹಿಡಿದುಕೊಂಡು ನಿಲ್ಲಲೂ ಗೆದ್ದಲಿಗೇ ಹೇಳಿದರು. ಸಭೆಯಲ್ಲಿದ್ದವರಿಗೆ ನಾಚಿಕೆಯಾದಂತೆ ಕಾಣಲಿಲ್ಲ.

"ಗಂಟು ಕಂಡ್ರೆ ಕೆಚ್ಚು ಕೆಟ್ಟಂಗೆ ಕಣಮ್ಮಾ," ಎಂದು ಅಮ್ಮಯಮ್ಮ ಮಗಳನ್ನು ಸಮಾಧಾನ ಮಾಡುತ್ತಾರೆ. ಗಂಟು ಕಾಣಬಾರದು, ಸರಿ. ಗಂಟು ಹಾಕಿದವಳೂ ಕಾಣಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಅಷ್ಟಕ್ಕೇ ಮುಗಿದಿಲ್ಲ. ನಿರ್ವಹಣೆ ಸುಲಭವಾಗಲು ಪೆಟ್ಟಿಗೆಯ ಸ್ವಿಚ್ಚು ಆರಿಸಿ, ನಮ್ಮ ವ್ಯವಸ್ಥೆಗೆ ಬನ್ನಿ ಎಂದು ಕಂಪನಿ ಮತ್ತೆ ಪತ್ರ ಕಳಿಸಿದೆ. ಸೋಮವಾರ ಸಂಘದ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ. "ಅವ್ರು ಓದಿದೋರು, ಹೇಳಿದ್ಮೇಲೆ ಕೇಳ್ಬೇಕಲ್ವಾ?" ಎನ್ನುತ್ತಾರೆ ಅಧ್ಯಕ್ಷ ರವಿಶಂಕರ್. ಒಂಬತ್ತು ವರ್ಷ ಪಕ್ಕದ ಕೋಣೆಯಲ್ಲೇ ಓದುತ್ತಾ ಕೂತವಳು ಇವರ ಕಣ್ಣಿಗೆ ಓದಿದವಳಲ್ಲ.

ಏನು ಆಸೆ ಎಂದು ಕೇಳಿದರೆ ಚೌಡೇಶ್ವರಿ ಪೆಟ್ಟಿಗೆಯ ಮೇಲಿನ ನೂಲಿನ ಧೂಳು ಒರೆಸುತ್ತಾರೆ.

"ಶಾಲು ಬೇಡ ಸಾರ್, ನೇಕಾರ್ರ ಮನೇಲಿ ಬಟ್ಟೆಗೇನು ಬರ? ಆರಿಸ್ಲೇಬೇಕು ಅಂದ್ರೆ ಆರಿಸ್ಲಿ. ಅದಕ್ಕೆ ಮುಂಚೆ ಅಧ್ಯಕ್ಷರೇ ಸಭೇಲಿ ನಿಂತ್ಕೊಂಡು ಆ ನಾನೂರ ಹನ್ನೆರಡು ಹೆಸ್ರೂ ಒಂದೊಂದಾಗಿ ಗಟ್ಟಿಯಾಗಿ ಓದ್ಲಿ. ಓದಿ ಮುಗಿಸಿದ್ಮೇಲೂ ಅವ್ರ ಕೈ ಮೇಲೆ ಎದ್ರೆ, ಸ್ವಿಚ್ಚು ನಾನೇ ಆರಿಸ್ತೀನಿ."